ಗುಲಾಬಿ ಹಾಳೆಯ ವಿದ್ಯಾರ್ಥಿ

ಹತ್ತೊಂಬತ್ತು ವರ್ಷ ಅದೇ ಪಾಠ ಹೇಳಿದ ಮಾಸ್ತರನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾವ ಡಾಕ್ಟರರೂ ಅದಕ್ಕೆ ಹೆಸರಿಟ್ಟಂತಿಲ್ಲ, ಇಟ್ಟಿದ್ದರೂ ಔಷಧ ಇರಲಿಕ್ಕಿಲ್ಲ. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಬಿಡುವ ರೋಗ ಅದು. ತರಗತಿಯಲ್ಲಿ ಒಂದು ಪದದ ಅರ್ಥ ಏನು ಎಂದು ಕೇಳುತ್ತೇನೆ. ಮಕ್ಕಳು ತಲೆ ಎತ್ತುವುದರೊಳಗೆ ಅರ್ಥವನ್ನೂ ನಾನೇ ಹೇಳಿ, 'ಶಾಬಾಸ್' ಎಂದೂ ನಾನೇ ಅಂದುಕೊಂಡು ಮುಂದಿನ ಸಾಲಿಗೆ ಹೋಗಿಬಿಡುತ್ತೇನೆ. ಮನೆಯಲ್ಲೂ ಇದೇ ಕಥೆ. 'ಚಹಾ ಆಯ್ತೇನು? ಆಗಿರಲಿಕ್ಕಿಲ್ಲ, ಹಾಲು ಬಂದಿರಲಿಕ್ಕಿಲ್ಲ, ಇರ್ಲಿ ಬಿಡು' ಎಂದು ನಾನು ಮುಗಿಸುವಷ್ಟರಲ್ಲಿ ಹೆಂಡತಿ ಶೋಭಾ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. 'ನಿಮ್ಮ ಸಾಲಿ ಹುಡುಗೂರು ಭಾಳ ಪುಣ್ಯಾ ಮಾಡ್ಯಾವ್ರಿ, ಬಾಯಿ ತೆರಿಯೋ ಕೆಲಸನೇ ಇಲ್ಲ ಅವಕ್ಕ' ಎಂದು ಅವಳು ಒಮ್ಮೆ ಹೇಳಿದ್ದಳು. ಅದನ್ನು ಹೊಗಳಿಕೆ ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ನಾನು ಇರುವುದು ಬೀದರಿನ ನೌಬಾದದಲ್ಲಿ. ಕೆಲಸ ಭಾಲ್ಕಿ ದಾಟಿ, ಮೆಹಕರದ ಕಡೆಗಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ದಿನಾ ಎರಡು ಬಸ್ಸು ಬದಲಿಸಿ ಹೋಗಿ, ಒಂಬತ್ತನೇ ತರಗತಿಯ ನಲವತ್ತಮೂರು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಹಾರಾಷ್ಟ್ರ ಕೂಗಳತೆಯಲ್ಲಿದೆ. ಹೀಗಾಗಿ ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು, ದಖನಿ ಆಡುವವರು ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ನಾನು ಔರಾದದಲ್ಲಿ ಕಲಿಯುವಾಗಲೂ ಹೀಗೇ ಇತ್ತು. ಅಲ್ಲಿನ ನಮ್ಮ ಇಂಗ್ಲಿಷ್ ಮಾಸ್ತರರು ಎಲ್ಲರಿಗೂ ಒಂದೇ ಉಪಾಯ ಹೂಡಿದ್ದರು: ಅವರು ಓದಬೇಕು, ನಾವು ಒದರಬೇಕು. ಅರ್ಥವಾಗದಿದ್ದವನು ಇನ್ನೂ ಜೋರಾಗಿ ಒದರಬೇಕು. ಆ ಲೆಕ್ಕದಲ್ಲಿ ಇಡೀ ಔರಾದಕ್ಕೆ ಕೇಳಿಸುವಂತೆ ಒದರುತ್ತಿದ್ದವನು ನಾನು. ಅಂಥವನು ಕಡೆಗೆ ಅದೇ ವಿಷಯಕ್ಕೆ ಮಾಸ್ತರನಾದದ್ದು ಹೇಗೆಂದು ನನ್ನ ತಮ್ಮ ಈಗಲೂ ಕೇಳುತ್ತಾನೆ.

ಹೀಗಿರುವಾಗ ಬೀದರಿನಲ್ಲಿ ನಮಗೆಲ್ಲ ಐದು ದಿನದ ತರಬೇತಿಯಾಯಿತು. ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್ ಅಂತ ಅದರ ಹೆಸರು. ಎಲ್ಲ ಮಕ್ಕಳೂ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಪಾಠ ಒಂದೇ ಆದರೂ ಅವರವರ ಮಟ್ಟಕ್ಕೆ ತಕ್ಕಂತೆ ಕೆಲಸ ಬೇರೆ ಬೇರೆ ಕೊಡಬೇಕು ಎಂಬುದು ಅದರ ಸಾರ. ಮೈಸೂರು ಕಡೆಯಿಂದ ಬಂದಿದ್ದ ತರಬೇತಿಯ ಮೇಡಂ ಬಹಳ ಚೆನ್ನಾಗಿ ಹೇಳಿಕೊಟ್ಟರು. ನಾನು ಬೆರಗಾಗಿ ಕೇಳಿ, ಎರಡು ನೋಟ್‌ಬುಕ್ ತುಂಬ ಬರೆದುಕೊಂಡು ಮನೆಗೆ ಬಂದು ಶೋಭಾಳಿಗೆ ವಿವರಿಸಿದೆ. ಅವಳು ಆಗ ರೊಟ್ಟಿ ಬಡಿಯುತ್ತಿದ್ದಳು. ಹಲ್ಲಿಲ್ಲದ ನನ್ನ ತಾಯಿಗೆ ತೆಳ್ಳಗಿನ ಮೆತ್ತನೆಯದು, ಮಗಳಿಗೆ ಅಂಗೈಯಗಲದ್ದು, ನನಗೆ ಎರಡೂ ಬದಿ ಕಟುಮ್ ಎನ್ನುವಂಥ ಗರಿಗರಿಯದು. 'ಇದಕ್ಕ ಐದ ದಿನಾ ಹೋಗಿದ್ದಿರೇನ್ರಿ?' ಎಂದಳು. ನಾನು ಉತ್ತರ ಕೊಡಲಿಲ್ಲ. ನನ್ನ ರೋಗ ನನ್ನ ಪ್ರಶ್ನೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಮರುದಿನ ಶಾಲೆಗೆ ಹೋದರೆ ಬೀರಪ್ಪ ವರಾಂಡದಲ್ಲಿ ನನಗಾಗಿ ಕಾಯುತ್ತ ಕೂತಿದ್ದ. ಬೀರಪ್ಪನಿಗೆ ಆ ಊರಲ್ಲಿ ಒಂದು ಹೊಲ, ನೂರರ ಸುಮಾರು ಕುರಿ. ಅವನ ಮಗಳು ಮಲ್ಲಮ್ಮ ನನ್ನ ಒಂಬತ್ತನೇ ತರಗತಿಯಲ್ಲಿ ಗೋಡೆ ಕಡೆಯ ಮೂರನೇ ಬೆಂಚು. ಎಂದೂ ತಂಟೆ ಮಾಡದ, ಎಂದೂ ಮಾತಾಡದ ಹುಡುಗಿ.

'ಮಾಸ್ತರ, ಒಂದ ಮಾತ ಕೇಳ್ತೇನಿ, ಸಿಟ್ಟಿಗಿ ಬರಬ್ಯಾಡ್ರಿ' ಎಂದು ಶುರುಮಾಡಿದ. 'ನಮ್ಮ ಪೋರಿ ಮನ್ಯಾಗ ಬಾಯಿ ಮುಚ್ಚಂಗಿಲ್ಲ. ಕುರಿ ಕೂಡ ಮಾತಾಡ್ತಾಳ, ನಾಯಿ ಕೂಡ ಮಾತಾಡ್ತಾಳ. ನಿಮ್ಮ ಇಂಗ್ಲಿಷ್ ತಾಸಿನ್ಯಾಗ ಎರಡ ವರ್ಷದಾಗ ಒಂದ ಮಾತ ಆಡಿಲ್ಲ ಅಂತಾಳ. ಖರೇ ಏನ್ರಿ?'

ಖರೇ ಎಂದೆ.

'ನಮ್ಮವ್ವನ ಮೊಣಕಾಲು ಹೋಗ್ಯಾವ್ರಿ. ಎಳ್ಳಮಾಸಿ ಆದ ಮ್ಯಾಲ ಹಿಂಡು ಮೇವ ಹುಡುಕ್ಕೋತ ದೂರ ಹೊಂಡ್ತದ, ಮರಿ ಸಂಭಾಳಸ್ಲಿಕ್ಕ ಒಂದ ಕೈ ಬೇಕು. ಸಾಲ್ಯಾಗ ಮೂಕಿ ಆಗಿ ಕೂಡೋದಕಿಂತ ಕುರಿ ಹಿಂದ ಬಂದ್ರ ಪೋರಿ ಮಾತರೇ ಆಡ್ತಾಳ. ಹಂಗಂತ ಕಲಿಯೋದ ಬಿಡಸೋ ಆಸೆ ನನಗಿಲ್ರಿ. ಎಳ್ಳಮಾಸಿ ತನಕ ನೋಡ್ತೇನಿ. ಅವತ್ತ ನಮ್ಮ ಹೊಲಕ್ಕ ಊಟಕ್ಕ ಬರ್ರಿ. ಏನ ಕಲ್ತಿ ಅಂತ ನಿಮ್ಮೆದುರಾ ಕೇಳ್ತೇನಿ.'

ಅವನು ಎದ್ದು ಕೈಮುಗಿದು ಹೋದ. ಅವನ ಮೇಲೆ ಸಿಟ್ಟು ಮಾಡಲು ಏನಾದರೂ ಸಿಗುತ್ತದೆಯೇ ಎಂದು ಇಡೀ ದಿನ ಹುಡುಕಿದೆ. ಏನೂ ಸಿಗಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಇನ್ನೂ ಏಳು ವಾರ ಇದ್ದವು. ಮಲ್ಲಮ್ಮನನ್ನು ಶಾಲೆಯಲ್ಲಿ ಉಳಿಸಿಕೊಳ್ಳಲೇಬೇಕು, ಅದೂ ಹೊಸ ವಿಧಾನದಿಂದಲೇ ಉಳಿಸಿಕೊಳ್ಳಬೇಕು ಎಂದು ನಿರ್ಧರಿಸಿದೆ.

ಮೇಡಂ ಹೇಳಿದ್ದ ಹಾಗೆ ಮೂರು ಮಟ್ಟದ ಕೆಲಸ ತಯಾರಿಸಿದೆ. ಮೊದಲನೆಯದು ತೀರ ಸುಲಭ: ಎಡಕ್ಕೆ ಹತ್ತು ಚಿತ್ರ, ಬಲಕ್ಕೆ ಹತ್ತು ಹೆಸರು, ಗೆರೆ ಎಳೆದು ಹೊಂದಿಸಬೇಕು. ಎರಡನೆಯದು ಬಿಟ್ಟ ಸ್ಥಳ ತುಂಬುವುದು. ಮೂರನೆಯದು ಕಠಿಣ: 'ನಿಮ್ಮ ಮಾಸ್ತರಿಗೆ ಗೊತ್ತಿಲ್ಲದ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮೇಲೆ ಹತ್ತು ವಾಕ್ಯ ಬರೆಯಿರಿ.' ಮಾಸ್ತರಿಗೆ ಗೊತ್ತಿಲ್ಲದ ವಿಷಯ ಹುಡುಕುವುದೇ ಅವರಿಗೆ ಕಷ್ಟವಾದೀತೆಂದು ನನಗೆ ಆಗ ಸ್ವಲ್ಪ ಕನಿಕರವೂ ಆಯಿತು. ದಡ್ಡರು, ಜಾಣರು ಎಂದು ಯಾರಿಗೂ ಗೊತ್ತಾಗಬಾರದು, ಆದ್ದರಿಂದ ಒಂದು ಎರಡು ಮೂರು ಎಂದು ಬರೆಯದೆ ಬಣ್ಣದ ಹಾಳೆ ಬಳಸಿ ಎಂದಿದ್ದರು ಮೇಡಂ. ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯ ಚಾಚಾ ನಾಲ್ಕು ಬಣ್ಣ ಹರಡಿದರು. ಸುಲಭದ್ದಕ್ಕೆ ನೀಲಿ, ನಡುವಿನದಕ್ಕೆ ಹಸಿರು, ಕಠಿಣಕ್ಕೆ ಹಳದಿ ಎಂದು ಆರಿಸಿದೆ. ಉಳಿದ ಗುಲಾಬಿ ಹಾಳೆಗಳ ಮೇಲೆ ನನಗಾಗಿ ಉತ್ತರ ಬರೆದುಕೊಂಡೆ. ಚಾಚಾ ಮೂರು ಕಟ್ಟುಗಳನ್ನೂ ನೋಡಿ, ನನ್ನನ್ನೂ ನೋಡಿ, 'ಸಾಲ್ಯಾಗ ಜಂಡಾ ಹಚ್ಲಕತ್ತೀರೇನ್ ಸರ್?' ಎಂದು ಕೇಳಿದರು. ಚಾಚಾನಿಗೆ ಶಿಕ್ಷಣದ ಹೊಸ ಗಾಳಿ ತಾಗಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಈ ನೆಲದಲ್ಲೇ ಹುಟ್ಟಿ ಬೆಳೆದವನು ನಾನು. ಹೊರಗಿನವರು ಮಾಡಿದ್ದರೆ ಕ್ಷಮಿಸಬಹುದು. ಬಣ್ಣಗಳಿಗೆ ನಮ್ಮ ಕಡೆ ಮನೆಯಿದೆ, ಓಣಿಯಿದೆ, ದೇವರಿದೆ ಎಂಬುದನ್ನು ಐದೇ ದಿನದ ತರಬೇತಿಯಲ್ಲಿ ಹೇಗೆ ಮರೆತೆನೋ ತಿಳಿಯದು. ಹೆಸರು ಕರೆದು ಒಬ್ಬೊಬ್ಬರ ಕೈಗೂ ಹಾಳೆ ಕೊಟ್ಟು, ಫಲಕದ ಮೇಲೆ ಪಾಠದ ಹೆಸರು ಬರೆದು ತಿರುಗಿ ನೋಡುತ್ತೇನೆ, ಇಡೀ ತರಗತಿ ಅದಲುಬದಲಾಗಿದೆ. ಗಲಾಟೆ ಇಲ್ಲ, ತಕರಾರಿಲ್ಲ. ಗುಡಿಯ ಹೊರಗೆ ಬಿಟ್ಟ ಚಪ್ಪಲಿ ರಾಶಿಯಲ್ಲಿ ತಮ್ಮ ತಮ್ಮದನ್ನು ಮೆಟ್ಟಿಕೊಂಡಂತೆ ಅವರವರ ಬಣ್ಣವನ್ನು ಅವರವರು ತೆಗೆದುಕೊಂಡಿದ್ದರು. ಶಬಾನಾ ಮತ್ತು ಅವಳ ಗೆಳತಿಯರ ಬೆಂಚು ಹಸಿರಾಗಿತ್ತು. ತರಗತಿಯಲ್ಲೇ ಎಲ್ಲರಿಗಿಂತ ಜಾಣೆಯಾದ, ನಾನು ಪ್ರೀತಿಯಿಂದ ಹಳದಿ ಕೊಟ್ಟಿದ್ದ ಸುಜಾತಾಳ ಕೈಯಲ್ಲಿ ನೀಲಿ ಇತ್ತು. ಸುಜಾತಾ ಸಾಯಗಾಂವದ ಬೌದ್ಧ ಮನೆತನದವಳು, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ. ಆ ಮನೆಯ ಬಾಗಿಲು, ಕಿಟಕಿ, ಮಾಳಿಗೆಯ ಮೇಲಿನ ಜಂಡಾ ಎಲ್ಲ ನೀಲಿ. ಎರಡೇ ನಿಮಿಷದಲ್ಲಿ ಅವಳು ಹತ್ತೂ ಚಿತ್ರಕ್ಕೆ ಗೆರೆ ಎಳೆದು ಮುಗಿಸಿ, ಇನ್ನೇನು ಎಂಬಂತೆ ನನ್ನನ್ನು ನೋಡುತ್ತಿದ್ದಳು. ಮೂರನೇ ಬೆಂಚಿನ ಮಲ್ಲಮ್ಮ ಹಳದಿ ಹಾಳೆಯನ್ನು ಎರಡೂ ಕೈಯಿಂದ ಹಣೆಗೆ ಒತ್ತಿಕೊಳ್ಳುತ್ತಿದ್ದಳು.

ನಾನು ಹತ್ತಿರ ಹೋಗಿ, 'ಮಲ್ಲಮ್ಮ, ಅದು ನಿಂದಲ್ಲ, ನೀಲಿ ತಗೋ' ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಅವಳು ನನ್ನ ತಾಸಿನಲ್ಲಿ ಬಾಯಿ ತೆರೆದಳು.

'ಭಂಡಾರದ ಬಣ್ಣ ಅದರಿ ಸರ್. ಹಣಿಗಿ ಹಚ್ಚೀನಿ. ಇನ್ನ ಹೊಳ್ಳಿ ಕೊಡಬಾರ್ದ್ರಿ.'

ಭಂಡಾರ ಎಂದರೆ ಅವರ ಮನೆದೇವರ ಅರಿಶಿನ. ಹಣೆಗೆ ಹಚ್ಚಿಕೊಂಡದ್ದನ್ನು ಯಾವ ಬಾಯಿಂದ ವಾಪಸ್ ಕೇಳಲಿ? 'ಇರ್ಲಿ, ಆದಷ್ಟು ಮಾಡು' ಎಂದು ಕುರ್ಚಿಗೆ ಬಂದು ಕೂತೆ. ಐದು ದಿನದ ತರಬೇತಿ, ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ ಹಾಳೆ, ಎಲ್ಲವೂ ಅರ್ಧ ತಾಸಿನಲ್ಲಿ ನೀರಿಗೆ ಬಿದ್ದಿತ್ತು. ಅಕ್ಷರ ಕೂಡಿಸಿ ಓದಲು ತಡವರಿಸುವ ಹುಡುಗಿಯ ಕೈಗೆ ಎಲ್ಲಕ್ಕಿಂತ ಕಠಿಣ ಕೆಲಸ ಹೋಗಿ ಕೂತಿತ್ತು. ಬೀರಪ್ಪನ ಹೊಲದಲ್ಲಿ ಊಟಕ್ಕೆ ಕೂತು ಯಾವ ಮುಖ ತೋರಿಸುವುದೆಂದು ಆಗಲೇ ಯೋಚನೆ ಹತ್ತಿತು.

ಮಾಡಲು ಕೆಲಸವಿಲ್ಲದ ಸುಜಾತಾ ಎದ್ದು ಮಲ್ಲಮ್ಮನ ಪಕ್ಕ ಹೋಗಿ ಕೂತಳು. ನಾನು ಬೈಯಬೇಕಿತ್ತು. ಬೈಯುವುದಕ್ಕೂ ಉತ್ಸಾಹ ಉಳಿದಿರಲಿಲ್ಲ, ಆದ್ದರಿಂದ ಸುಮ್ಮನೆ ನೋಡುತ್ತ ಕೂತೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದೇ ಇರಬೇಕು.

'ಸರಿಗಿ ಗೊತ್ತಿಲ್ದೆ ಇರೋದು ನಿನಗೇನ ಗೊತ್ತದ?' ಎಂದು ಸುಜಾತಾ ಕೇಳಿದಳು.

ಮಲ್ಲಮ್ಮ ಸ್ವಲ್ಪ ಹೊತ್ತು ಹಾಳೆ ನೋಡಿ, 'ಕುರಿ' ಎಂದಳು. ಆಮೇಲೆ ನಿಲ್ಲಲೇ ಇಲ್ಲ. ಕರಿಗಿವಿ ಎಂಬ ಕುರಿ ಮುಂದೆ ಹೋಗದಿದ್ದರೆ ಹಿಂಡು ಹಳ್ಳ ದಾಟುವುದಿಲ್ಲವಂತೆ. ಚುಕ್ಕಿ ಎಂಬ ಕುರಿ ತನ್ನ ಮರಿಗೇ ಹಾಲು ಕೊಡುವುದಿಲ್ಲ, ಅದರ ಕಿವಿ ಹತ್ತಿರ ಹಾಡು ಹೇಳಿದರೆ ಮಾತ್ರ ನಿಲ್ಲುತ್ತದಂತೆ. ಮಳೆ ಬರುವ ಮುಂಚೆ ಮುದಿ ಕುರಿಗಳು ಯಾವ ಕಡೆ ಮುಖ ಮಾಡುತ್ತವೆ, ಅವಳಿ ಮರಿಗಳಲ್ಲಿ ಬಡವಾದದ್ದಕ್ಕೆ ಮೊದಲು ಯಾಕೆ ಕುಡಿಸಬೇಕು, ಅವಳ ಮಾತು ಹಳ್ಳದ ನೀರಿನಂತೆ ಹರಿಯುತ್ತಿತ್ತು. ಎರಡು ವರ್ಷ ಈ ಹುಡುಗಿಯನ್ನು ನಾನು ಮೂಕಿ ಎಂದು ತಿಳಿದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಇನ್ನು ಸುಜಾತಾ. ಅವಳು ಅದನ್ನೆಲ್ಲ ತಾನೇ ಇಂಗ್ಲಿಷಿನಲ್ಲಿ ಬರೆದುಕೊಡುತ್ತಾಳೆ ಎಂದು ನಾನು ಎಣಿಸಿದ್ದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವಳು ಪೆನ್ನು ಮುಟ್ಟಲಿಲ್ಲ. ಎರಡು ಪದ ಹೇಳುತ್ತಾಳೆ, ಸುಮ್ಮನಾಗುತ್ತಾಳೆ. ಮಲ್ಲಮ್ಮ ಹಾಳೆ ನೋಡುತ್ತಾಳೆ, ಸೂರು ನೋಡುತ್ತಾಳೆ, ಪೆನ್ನಿನ ತುದಿ ಕಚ್ಚುತ್ತಾಳೆ. ಕುರ್ಚಿಯಲ್ಲಿ ಕೂತ ನನ್ನ ನಾಲಿಗೆ ಉತ್ತರ ಹೇಳಲು ಚಡಪಡಿಸುತ್ತದೆ. ಸುಜಾತಾ ಮಾತ್ರ ಕಿಟಕಿಯಾಚೆ ನೋಡುತ್ತ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಕೂತಿರುತ್ತಾಳೆ. ಬಹಳ ಹೊತ್ತಾದ ಮೇಲೆ ಮಲ್ಲಮ್ಮನ ಪೆನ್ನು ಕದಲುತ್ತದೆ, ಒಂದು ಪದ ಬರುತ್ತದೆ, ಅದರ ಹಿಂದೆ ಇನ್ನೊಂದು. ತಡೆಯಲಾರದೆ ನಾನೊಮ್ಮೆ ಹೋಗಿ, 'ಇಷ್ಟು ಹೊತ್ಯಾಕ? ಹೇಳಿಕೊಡು' ಎಂದೆ.

'ನಾ ಹೇಳ್ಲಾರ್ದೇ ಆಕಿಗಿ ಬರ್ತದರಿ ಸರ್' ಎಂದಳು ಸುಜಾತಾ, ಮೆಲ್ಲಗೆ. 'ಜರಾ ನಿಂದ್ರಬೇಕಷ್ಟೇ.'

ನಾನು ನಿಂತೆ. ನಿಜವಾಗಿಯೂ ಅಲ್ಲೇ, ಬೆಂಚಿನ ಪಕ್ಕ, ಸೀಮೆಸುಣ್ಣ ಹಿಡಿದು ನಿಂತೆ. ಅದು ಬಂತು. ಹತ್ತೊಂಬತ್ತು ವರ್ಷದಲ್ಲಿ ಒಂದು ವಾಕ್ಯ ಒಂದು ಮಗುವಿನೊಳಗಿಂದ ಹೊರಗೆ ಬರುವುದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಸಂಜೆ ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಮಾತಾಡಿಸಿದರೂ ಕೇಳಿಸಿಕೊಳ್ಳದೆ ಭಾಲ್ಕಿಯಲ್ಲಿ ಇಳಿಯುವುದನ್ನೇ ಮರೆತು ಡಿಪೋ ತನಕ ಹೋಗಿಬಿಟ್ಟೆ.

ಮಾರನೇ ವಾರ ತಪ್ಪು ತಿದ್ದಿಕೊಳ್ಳೋಣ ಎಂದು ಮೂರೂ ಕೆಲಸವನ್ನು ಬಿಳಿ ಹಾಳೆಯಲ್ಲಿ ಮಾಡಿಸಿಕೊಂಡು ಹೋದೆ. ಮಕ್ಕಳ ಮುಖ ಬಾಡಿತು. 'ಬಣ್ಣದ್ದೇ ಕೊಡ್ರಿ ಸರ್' ಎಂದು ಶಬಾನಾ ಎಲ್ಲರ ಪರವಾಗಿ ಕೇಳಿದಳು. ಹಾಗಾದರೆ ಯಾವ ಬಣ್ಣದಲ್ಲಿ ಯಾವ ಕೆಲಸ ಎಂದು ನಾನು ತಲೆ ಕೆರೆದುಕೊಂಡರೆ, ಅದಕ್ಕೂ ಅವರಲ್ಲಿ ಉತ್ತರವಿತ್ತು: ಮೂರೂ ಕೆಲಸ ಮೂರೂ ಬಣ್ಣದಲ್ಲಿ ಇರಲಿ, ಯಾರಿಗೆ ಯಾವುದು ಆಗುತ್ತದೋ ಅವರೇ ನೋಡಿಕೊಳ್ಳುತ್ತಾರೆ. ಹಾಗೇ ಆಯಿತು; ನನ್ನ ಮೇಜಿನ ಮೇಲೆ ಉಳಿದಿದ್ದ ಗುಲಾಬಿ ಹಾಳೆ ಯಾರದೆಂದು ಮಲ್ಲಮ್ಮ ಕೇಳಿದಾಗ, ಯಾರದೂ ಅಲ್ಲ ಎಂದೆ. ಬೇಗ ಮುಗಿಸಿದವರು ಎದ್ದು, ಮುಗಿಯದವರ ಪಕ್ಕ ಹೋಗಿ ಕೂಡುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ದಖನಿಯವರಿಗೆ ದಖನಿಯಲ್ಲಿ ಇಂಗ್ಲಿಷ್ ನಡೆಯಿತು. ಮೇಡಂ ನೋಡಿದ್ದರೆ ಇದನ್ನು ಯಾವ ಖಾನೆಯಲ್ಲಿ ಬರೆಯುತ್ತಿದ್ದರೋ ಗೊತ್ತಿಲ್ಲ. ಮಲ್ಲಮ್ಮನ ಹಳೆಯ ಹಳದಿ ಹಾಳೆ ಮಾತ್ರ ಬದಲಾಗಲಿಲ್ಲ. ಏಳು ವಾರದಲ್ಲಿ ಒಂಬತ್ತು ವಾಕ್ಯವಾದವು. ಹತ್ತನೆಯದು ಎಲ್ಲಿ ಎಂದು ಕೇಳಿದರೆ, 'ಅದ ಹೊಲದಾಗ ಅದರಿ ಸರ್' ಎಂದು ನಕ್ಕಳು.

ಎಳ್ಳಮಾಸಿ ಬಂತು. ನಮ್ಮ ಕಡೆ ಅವತ್ತು ಊರಲ್ಲಿ ಯಾರೂ ಇರುವುದಿಲ್ಲ, ಅಡುಗೆ ಸಮೇತ ಎಲ್ಲರೂ ಹೊಲದಲ್ಲಿ. ಬೀರಪ್ಪನ ಹೊಲದ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ನನ್ನನ್ನು ಕೂಡಿಸಿದರು. ಸಜ್ಜೆ ರೊಟ್ಟಿ, ಅಂಬಲಿ, ಇದ್ದಬದ್ದ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ. ಒಂದು ಪಕ್ಕ ಬೀರಪ್ಪನ ತಾಯಿ ಕಾಲು ಚಾಚಿ ಕೂತಿದ್ದಳು. ಸುಜಾತಾಳೂ ಬಂದಿದ್ದಳು. ಆಚೆ ಕೊಯ್ಲಾದ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ನಾನು ಒಂದು ತುತ್ತು ಬಾಯಿಗಿಟ್ಟೆನೋ ಇಲ್ಲವೋ, ಬೀರಪ್ಪ ಮಗಳ ಕಡೆ ತಿರುಗಿ, 'ಹೂಂ, ಹೇಳವ್ವಾ, ಏನ ಕಲ್ತಿ?' ಎಂದ.

ಮಲ್ಲಮ್ಮ ಎದ್ದು ನಿಂತು ಹಳದಿ ಹಾಳೆ ಬಿಡಿಸಿ ಓದಿದಳು. ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದು ಪದಕ್ಕೂ ಕಾಲೂರಿ. ಕರಿಗಿವಿ ಬಂತು, ಚುಕ್ಕಿ ಬಂತು, ಹಾಡು ಬಂತು, ಬಡವಾದ ಅವಳಿ ಮರಿ ಬಂತು. ಹತ್ತನೇ ವಾಕ್ಯವನ್ನು ಹಾಳೆ ನೋಡದೆ ಅಪ್ಪನನ್ನು ನೋಡಿ ಹೇಳಿದಳು: ಇದನ್ನೆಲ್ಲ ನನಗೆ ಕಲಿಸಿದವರು ನನ್ನಪ್ಪ. ಬೀರಪ್ಪನಿಗೆ ಒಂದು ಪದವೂ ತಿಳಿದಿರಲಿಲ್ಲ. ನಾನು ಅರ್ಥ ಹೇಳಿದೆ. ಅವನು ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿದ.

'ಬರೋಬರ್ ಹೇಳ್ಯಾಳೇನ್ರಿ?' ಎಂದು ಕೇಳಿದ.

'ಪೂರಾ ಬರೋಬರ್' ಎಂದೆ.

'ನೀವು ಆಕಿ ಮಾಸ್ತರ. ಹಂಗೇ ಅಂತೀರಿ' ಎಂದ. ಒಂದು ಹಿಂಡಿನ ಯಜಮಾನ ಮಾರುವವನ ಮಾತಿನ ಮೇಲೆ ಕುರಿ ಕೊಳ್ಳುವುದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಮಲ್ಲಮ್ಮ ಮಡಿಚಿದ ಇನ್ನೊಂದು ಹಾಳೆ ತೆಗೆದು ನನ್ನ ಕೈಗಿತ್ತಳು. ಗುಲಾಬಿ ಹಾಳೆ. 'ಇದ ನಿಮ್ದರಿ ಸರ್' ಎಂದಳು. 'ಗುಲಾಬಿ ಯಾರದೂ ಅಲ್ಲ ಅಂದ್ರಲ್ಲ, ಅದಕ್ಕ ನಿಮಗ ಮಾಡೀನಿ. ಸಸಾರ ಅದರಿ, ಗೆರಿ ಎಳದ್ರ ಆಯ್ತು.'

ಎಡಕ್ಕೆ ಪೆನ್ಸಿಲಿನಲ್ಲಿ ಬರೆದ ಹತ್ತು ಕುರಿಗಳ ಮುಖ. ಬಲಕ್ಕೆ ಕನ್ನಡದಲ್ಲಿ ಹತ್ತು ಹೆಸರು. ಮೇಲೆ ಚಂದವಾಗಿ, ಇಂಗ್ಲಿಷಿನಲ್ಲಿ, ನಾನು ಕೊಡುವ ಹಾಳೆಗಳ ಮೇಲೆ ಇರುವ ಹಾಗೆಯೇ, ಹೊಂದಿಸಿ ಬರೆಯಲು ಸೂಚನೆ. ಏಳು ವಾರ ಆ ಕುರಿಗಳ ವರ್ಣನೆಯನ್ನು ಪಕ್ಕದಲ್ಲೇ ನಿಂತು ಕೇಳಿದ್ದೆ, ವಾಕ್ಯ ತಿದ್ದಿದ್ದೆ. ಧೈರ್ಯದಿಂದ ಪೆನ್ನು ತೆಗೆದೆ. ಕರಿಗಿವಿಯನ್ನು ಕಿವಿ ನೋಡಿ ಹೊಂದಿಸಿದೆ. ಹಣೆಯ ಮೇಲೆ ಚುಕ್ಕಿ ಇದ್ದದ್ದಕ್ಕೆ ಚುಕ್ಕಿ ಎಂದೆ. ಆಮೇಲೆ ಎಂಟು ಮುಖ ಉಳಿದವು. ಎಂಟೂ ಒಂದೇ. ಹಾಳೆ ದೂರ ಹಿಡಿದೆ, ಕನ್ನಡಕ ತೆಗೆದು ಒರೆಸಿದೆ, ಎದ್ದು ನಿಂತು ಹೊಲದಲ್ಲಿ ಮೇಯುತ್ತಿದ್ದ ನಿಜವಾದ ಕುರಿಗಳನ್ನೂ ನೋಡಿದೆ. ಅವೂ ಒಂದೇ. ಚಳಿಗಾಲದ ಬಿಸಿಲಿನಲ್ಲಿ ನನ್ನ ಹಣೆ ಬೆವರಿತು. ಬೀರಪ್ಪನ ತಾಯಿಗೆ ಓದು ಬಾರದು. ಆದರೆ ಅಕ್ಷರ ಬೇಕಾದ್ದು ಹೆಸರಿಗೆ, ಮುಖ ಗುರುತಿಸುವುದಕ್ಕಲ್ಲವಲ್ಲ. ಹಾಳೆಯತ್ತ ಬಾಗಿ ಪಟಪಟನೆ ಹತ್ತೂ ಗುರುತು ಹಿಡಿದು, ಪಾಪ ಮಾಸ್ತರ ಎಂದು ನನಗೆ ಹೇಳಿಕೊಡಲು ಬಾಯಿ ತೆರೆದಳು.

'ಹೇಳಬ್ಯಾಡ್ರಿ ಆಯಿ' ಎಂದಳು ಸುಜಾತಾ. 'ಸರಿಗಿ ಬರ್ತದ. ಜರಾ ನಿಂದ್ರೋಣ.'

ಎಲ್ಲರೂ ಕಾದರು. ಯಾರೂ ನಗಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಸುಜಾತಾ ದೂರದ ಗುಡ್ಡ ನೋಡುತ್ತ ಕೂತಳು. ಅಂಬಲಿಯ ಮೇಲೆ ಕೆನೆ ಕಟ್ಟಿತು. ಅಷ್ಟು ಜನ ನನ್ನ ಉತ್ತರಕ್ಕಾಗಿ ಅಷ್ಟು ಹೊತ್ತು ನಂಬಿಕೆಯಿಂದ ಕಾದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಔರಾದದ ನನ್ನ ಮಾಸ್ತರರು ಇಷ್ಟು ಕಾದಿದ್ದರೆ ನಾನು ಏನಾಗುತ್ತಿದ್ದೆನೋ. ಆದರೆ ಸತ್ಯ ಹೇಳಬೇಕೆಂದರೆ, ಉತ್ತರ ಬರಲಿಲ್ಲ. ಉಳಿದ ಎಂಟಕ್ಕೂ ಕಣ್ಣು ಮುಚ್ಚಿ ಗೆರೆ ಎಳೆದುಬಿಟ್ಟೆ. ಮಲ್ಲಮ್ಮ ಕೆಂಪು ಪೆನ್ನು ತೆಗೆದು ತಿದ್ದಿದಳು. ಹತ್ತಕ್ಕೆ ಮೂರು.

ಬೀರಪ್ಪ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. 'ಮಾಸ್ತರಿಗಿ ಎಲ್ಲಾ ಕುರಿ ಒಂದೇ ಕಾಣ್ತಾವವ್ವಾ' ಎಂದು ತಾಯಿಗೆ ಹೇಳಿದ. ಅವನು ಕುರಿಗಳ ಮಾತನ್ನೇ ಆಡುತ್ತಿದ್ದ. ನನಗೆ ಮಾತ್ರ ನನ್ನ ನಲವತ್ತಮೂರು ಮಕ್ಕಳು ಬೆಂಚು ಬೆಂಚಾಗಿ ಕಣ್ಣ ಮುಂದೆ ಬಂದು ನಿಂತರು. ನಗು ನಿಂತ ಮೇಲೆ ಬೀರಪ್ಪ ಮಗಳ ತಲೆಯ ಮೇಲೆ ಕೈಯಿಟ್ಟ.

'ಮರಿ ಈ ಸಲ ಊರಾಗೇ ಆಯಿ ಹತ್ರ ಇರ್ಲಿ' ಎಂದ. 'ನೀ ಸಾಲಿಗಿ ಹೋಗು. ನಿಮ್ಮ ಮಾಸ್ತರನ್ನ ಹಿಂಗೇ ಅರ್ಧಕ್ಕ ಬಿಟ್ಟ ಬರಬ್ಯಾಡ. ಇವರಿಗಿ ಇನ್ನಾ ಎರಡ ವರ್ಷರೇ ಬೇಕು.'

ಹೀಗೆ ಮಲ್ಲಮ್ಮ ಶಾಲೆಯಲ್ಲಿ ಉಳಿದಳು. ತರಬೇತಿಯಿಂದ ಆದ ಪ್ರಯೋಜನ ಏನು ಎಂದು ಮೇಲಿನವರು ವರದಿ ಕೇಳಿದ್ದಾರೆ. ನನ್ನ ವಿದ್ಯಾರ್ಥಿನಿಯ ಜಾಣತನದಿಂದಲ್ಲ, ನನ್ನ ದಡ್ಡತನದಿಂದ ಒಂದು ಮಗು ಶಾಲೆಯಲ್ಲಿ ಉಳಿಯಿತು ಎಂದು ಬರೆಯಲು ಅದರಲ್ಲಿ ಖಾನೆಯಿಲ್ಲ. ನೀಲಿ, ಹಸಿರು, ಹಳದಿ ಹಾಳೆಗಳು ಈಗಲೂ ನಡೆದಿವೆ. ಗುಲಾಬಿ ಗುಂಪಿನಲ್ಲಿ ಸದ್ಯಕ್ಕೆ ನಾನೊಬ್ಬನೇ ಇದ್ದೇನೆ. ಪ್ರತಿ ಶನಿವಾರ ನನಗೆ ಹತ್ತು ಹೊಸ ಮುಖ ಬರುತ್ತವೆ, ನಾನು ನೌಬಾದದ ಮನೆಯಲ್ಲಿ ಭಾನುವಾರ ಇಡೀ ದಿನ ಕೂತು ಗೆರೆ ಎಳೆಯುತ್ತೇನೆ, ಶೋಭಾ ಚಹಾ ತಂದಿಟ್ಟು ಒಂದು ಮಾತೂ ಹೇಳಿಕೊಡದೆ ಹೋಗುತ್ತಾಳೆ. ಮೊನ್ನೆ ಹತ್ತಕ್ಕೆ ಐದು ಬಂತು. ಕೆಳಗೆ ಮಲ್ಲಮ್ಮ ಕೆಂಪು ಶಾಯಿಯಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ, ಪ್ರಯತ್ನ ಮುಂದುವರಿಸಿರಿ ಎಂದು ಬರೆದಿದ್ದಳು.